ಎಡಗೈಯ ಮೇಲೊಂದು ನಿದ್ದೆ

"ಒಂದೇ ಷರತ್ತು ಮೇಡಂ. ಈ ಎರಡು ದಿನ ನೀವು ನನ್ನ ಎಡಗೈ ಮುಟ್ಟಬಾರದು."

ರಿಸಾರ್ಟಿನ ಕೌಂಟರಿನಲ್ಲಿ ರೂಮಿನ ಕೀಲಿ ಕೈಗೆ ಬರುವ ಮೊದಲೇ ಅವನು ಹೀಗೆಂದುಬಿಟ್ಟ. ಕೌಂಟರಿನ ಹುಡುಗಿ ತಲೆ ತಗ್ಗಿಸಿ ನಕ್ಕಳು. ಗಂಡ ಹೆಂಡತಿ ದಾರಿಯಲ್ಲೇ ಜಗಳ ಮಾಡಿಕೊಂಡು ಬಂದಿದ್ದಾರೆ ಎಂದುಕೊಂಡಿರಬೇಕು. ಅಕ್ಕಪಕ್ಕದ ಎರಡು ರೂಮುಗಳ ಕೀಲಿ ಕೊಡುವಾಗಲಂತೂ ಅವಳಿಗೆ ನಗು ತಡೆಯಲಾಗಲಿಲ್ಲ.

"ಮುಟ್ಟಲ್ಲ ಬಿಡಿ," ಎಂದಳು ಇವಳು. "ನಿಮ್ಮ ಕೈ ಮುಟ್ಟಿ ಮುಟ್ಟಿ ನನಗೂ ಸಾಕಾಗಿದೆ."

ಸಾಕಾಗಿದೆ ಅನ್ನುವುದು ಹಸಿ ಸುಳ್ಳು. ಮುಟ್ಟಿದ್ದು ಮಾತ್ರ ನಿಜ. ಅವಳು ಆಸ್ಪತ್ರೆಯ ಡಯಾಲಿಸಿಸ್ ಟೆಕ್ನಿಷಿಯನ್. ಅವನು ಬಸ್‌ಸ್ಟ್ಯಾಂಡಿನ ಎದುರು ಕನ್ನಡಕದಂಗಡಿ ಇಟ್ಟವನು, ಎರಡೂ ಕಿಡ್ನಿ ಕೈಕೊಟ್ಟವನು. ವಾರಕ್ಕೆ ಮೂರು ಸಲ ಅವನ ಎಡತೋಳಿಗೆ ಎರಡು ಸೂಜಿ ಚುಚ್ಚಿ, ರಕ್ತವನ್ನು ಯಂತ್ರಕ್ಕೆ ಕಳಿಸಿ, ತೊಳೆಸಿ, ವಾಪಸ್ಸು ದೇಹಕ್ಕೆ ಸೇರಿಸುವುದು ಅವಳ ಕೆಲಸ. ಅದಕ್ಕೆಂದೇ ಸರ್ಜನ್ ಆ ತೋಳಿನಲ್ಲಿ ಎರಡು ರಕ್ತನಾಳಗಳನ್ನು ಜೋಡಿಸಿದ್ದರು. ಅದನ್ನು ಫಿಸ್ಟುಲಾ ಅನ್ನುತ್ತಾರೆ. ಅದರ ಮೇಲೆ ಬೆರಳಿಟ್ಟರೆ, ಮಡಿಲಲ್ಲಿ ಮಲಗಿದ ಬೆಕ್ಕು ಗುರುಗುಟ್ಟಿದ ಹಾಗೆ ಒಂದು ಕಂಪನ ಸಿಗುತ್ತದೆ. ಅದಿದ್ದರೆ ಯಂತ್ರಕ್ಕೆ ರಕ್ತ ಸಿಗುತ್ತದೆ, ಮನುಷ್ಯ ಇನ್ನೊಂದು ವಾರ ನೂಕುತ್ತಾನೆ. ಅವನ ಬಲಗೈಯದು ಹಿಂದೆಯೇ ಕೆಟ್ಟಿತ್ತು. ಉಳಿದದ್ದು ಇದೊಂದು.

ವಾರ್ಡಿನಲ್ಲಿ ಎಲ್ಲರೂ ಅವಳನ್ನು ಸಿಸ್ಟರ್ ಎಂದೇ ಕರೆಯುತ್ತಾರೆ. ಅವನು ಮಾತ್ರ ಮೊದಲ ದಿನದಿಂದ ಮೇಡಂ.

"ನಿಮ್ಮನ್ನ ಸಿಸ್ಟರ್ ಅನ್ನೋಕೆ ನನ್ನ ಕೈಲಾಗಲ್ಲ. ಮುಂದೆ ತೊಂದರೆ ಆಗುತ್ತೆ," ಎಂದಿದ್ದ.

"ಏನು ತೊಂದರೆ?"

"ಮುಂದೆ ಗೊತ್ತಾಗುತ್ತೆ."

ಅವಳು ಯಂತ್ರದ ಪರದೆಯನ್ನೇ ನೋಡುತ್ತ ನಿಂತಿದ್ದಳು. ಪರದೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ತೊಂದರೆ ಏನೆಂದು ಕೆಲವು ತಿಂಗಳ ಹಿಂದೆ ಅವನೇ ಬಾಯಿಬಿಟ್ಟ. ಸೂಜಿ ಚುಚ್ಚಿ ಪ್ಲಾಸ್ಟರ್ ಅಂಟಿಸುವಾಗ ಮೆಲ್ಲಗೆ ಕೇಳಿದ್ದ: ಮದುವೆ ಆಗ್ತೀರಾ? ಅವಳಿಗೆ ಹೌದು ಅನ್ನಲು ಭಯ. ಆ ವಾರ್ಡಿನಲ್ಲಿ ಎಷ್ಟೋ ಕುರ್ಚಿಗಳು ಖಾಲಿಯಾಗುವುದನ್ನು ನೋಡಿದವಳು ಅವಳು. ಕುರ್ಚಿ ಖಾಲಿಯಾದರೆ ಬಟ್ಟೆ ಬದಲಾಗುತ್ತದೆ, ಮಧ್ಯಾಹ್ನದೊಳಗೆ ಬೇರೊಬ್ಬರು ಬಂದು ಕೂರುತ್ತಾರೆ. ಇಲ್ಲ ಅನ್ನಲು ಮನಸ್ಸಿಲ್ಲ. "ನಿಮಗೆ ನಲವತ್ತು ತುಂಬಲಿ, ಹೇಳ್ತೀನಿ," ಎಂದು ಜಾರಿಕೊಂಡಿದ್ದಳು.

ಈ ನಲವತ್ತಕ್ಕೊಂದು ಹಿನ್ನೆಲೆ ಇದೆ. ಕಾಯಿಲೆ ಗೊತ್ತಾದ ಹೊಸತರಲ್ಲಿ ಅವನ ದೊಡ್ಡಪ್ಪ, ಅವನಿಗೆ ಕೇಳಿಸುವ ಹಾಗೆಯೇ, ಈ ಹುಡುಗ ನಲವತ್ತು ಕಾಣೋದು ಅನುಮಾನ ಎಂದಿದ್ದರು. ಅಕ್ಕ ಅಂದಿನಿಂದ ಹಟಕ್ಕೆ ಬಿದ್ದಿದ್ದಳು. ಅಪ್ಪ ಅಮ್ಮ ಹೋದ ಮೇಲೆ ತಮ್ಮನನ್ನು ಸಾಕಿದವಳು, ಅವಳ ಕಿಡ್ನಿ ಅವನಿಗೆ ಹೊಂದುವುದಿಲ್ಲ ಎಂದಾಗ ಆಸ್ಪತ್ರೆಯ ಕಾರಿಡಾರಿನಲ್ಲಿ ಎದೆ ಬಡಿದುಕೊಂಡು ಅತ್ತವಳು. ನಲವತ್ತನೇ ಹುಟ್ಟುಹಬ್ಬಕ್ಕೆ ಬೀಚ್ ರಿಸಾರ್ಟ್ ಅವಳದೇ ಉಡುಗೊರೆ. "ನೀನೂ ಹೋಗಮ್ಮ. ನೀನು ಜೊತೆಗಿದ್ರೆ ನಾನು ಕಣ್ತುಂಬ ನಿದ್ದೆ ಮಾಡ್ತೀನಿ," ಎಂದು ಇವಳ ಕೆನ್ನೆ ಸವರಿದ್ದಳು.

ಅಕ್ಕನಿಗೆ ಎಲ್ಲವೂ ಗೊತ್ತಿತ್ತೋ, ಅರ್ಧ ಗೊತ್ತಿತ್ತೋ. ಇವಳು ಮಾತ್ರ ಕಾರು ಹತ್ತುವ ಮೊದಲೇ ಮನಸ್ಸಿನಲ್ಲಿ ಹೌದು ಎಂದಾಗಿತ್ತು.

ಮೊದಲ ದಿನದ ಮಧ್ಯಾಹ್ನ ಇಬ್ಬರೂ ರೂಮಿನ ಮುಂದಿನ ಜಗಲಿಯಲ್ಲಿ ಬೆತ್ತದ ಸೋಫಾದ ಮೇಲೆ ಕೂತರು. ಎದುರಿಗೆ ಸಮುದ್ರ. ಅವನ ಬಾಯಲ್ಲಿ ಒಂದು ಚೂರು ಐಸು. ಡಯಾಲಿಸಿಸ್‌ನವರಿಗೆ ನೀರು ಅಳೆದು ಕುಡಿಯುವ ಶಿಕ್ಷೆ.

"ನೋಡಿ ನನ್ನ ಹಣೆಬರಹ. ಹಲ್ಲಿದ್ದಾಗ ಕಡಲೆ ಇಲ್ಲ ಅಂತಾರಲ್ಲ, ನನಗೆ ಇಡೀ ಕಡಲೇ ಇದೆ, ಕುಡಿಯೋ ಹಾಗಿಲ್ಲ."

"ಉಪ್ಪುನೀರು ನಾನೂ ಕುಡಿಯಲ್ಲ. ಅಷ್ಟೇನೂ ಹೊಟ್ಟೆ ಉರ್ಕೋಬೇಡಿ."

"ಕನ್ನಡಕ ಕೊಡಿ ಇಲ್ಲಿ. ಎಷ್ಟು ಕೊಳೆ! ಇದರಲ್ಲಿ ನಾನು ಹೇಗೆ ಕಾಣ್ತೀನಿ ನಿಮಗೆ?"

"ಚೆನ್ನಾಗೇ ಕಾಣ್ತೀರ. ಕೊಳೆಯಿಂದಾನೇ ಇರಬೇಕು."

ಅವನು ಅವಳ ಕನ್ನಡಕವನ್ನು ಅಂಗಿಯ ಅಂಚಿನಿಂದ ಒರೆಸುತ್ತ, ಬರಿಗಣ್ಣಿನ ಅವಳ ಮುಖವನ್ನು ನೋಡಿದ. ಎಷ್ಟೋ ಕಣ್ಣು ಪರೀಕ್ಷಿಸಿದವನ ನೋಟವಲ್ಲ ಅದು. ಮೂಗಿನ ಮೇಲೆ ಕನ್ನಡಕ ಒತ್ತಿದ ಎರಡು ಗುರುತುಗಳನ್ನು ಒಂದಾದ ಮೇಲೊಂದು ನೋಡಿ, ಅಲ್ಲಿಂದ ತುಟಿಗೆ ಇಳಿದು, ಸಿಕ್ಕಿಬಿದ್ದವನಂತೆ ಸಮುದ್ರದ ಕಡೆ ತಿರುಗಿದ. ಅವಳಿಗೆ ದೂರದ್ದು ಕಾಣದು, ಇಷ್ಟು ಹತ್ತಿರದ್ದು ಚೆನ್ನಾಗಿ ಕಾಣುತ್ತದೆ. ಅವಳ ಕಿವಿ ಬಿಸಿಯಾಯಿತು.

ರಜೆ ಸಿಗಲೆಂದು ಆ ವಾರವಿಡೀ ಎರಡೆರಡು ಡ್ಯೂಟಿ ಮಾಡಿದ್ದಳು. ಗಾಳಿ ಹಿತವಾಗಿತ್ತು. ಏನೋ ಹೇಳುತ್ತಿದ್ದವಳು ಮಾತಿನ ಮಧ್ಯದಲ್ಲೇ ನಿದ್ದೆಗೆ ಜಾರಿದಳು.

ಎದ್ದಾಗ ಸೂರ್ಯ ಮುಳುಗಿದ್ದ. ಕೆನ್ನೆಯ ಮೇಲೆ ಅವನ ಅಂಗಿಯ ನೇಯ್ಗೆಯ ಅಚ್ಚು. ತಲೆ ಅವನ ತೋಳಿನ ಮೇಲಿತ್ತು.

"ಎಷ್ಟು ಹೊತ್ತು ಮಲಗಿದ್ದೆ?"

"ಈಗ ತಾನೇ."

ಅಷ್ಟು ಸುಖವಾದ ನಿದ್ದೆಯನ್ನು ಅವಳು ಎಂದೂ ಕಂಡಿರಲಿಲ್ಲ. ಆ ಮಂಪರಿನಲ್ಲಿ ಅವಳು ತಲೆ ಇಟ್ಟದ್ದು ಯಾವ ತೋಳು ಎಂದು ಕೂಡ ಯೋಚಿಸಲಿಲ್ಲ. ಸಂತೋಷ ಮನುಷ್ಯರನ್ನು ಎಷ್ಟು ದಡ್ಡರನ್ನಾಗಿ ಮಾಡುತ್ತದೆಂದರೆ, ಕಸುಬು ಕೂಡ ಮರೆತುಹೋಗುತ್ತದೆ.

ಮರುದಿನ ಹುಟ್ಟುಹಬ್ಬ. ತಿಂಡಿಯ ಹೊತ್ತಿಗೆ ರಿಸಾರ್ಟಿನವರು ಕೇಕ್ ತಂದು, ಚಪ್ಪಾಳೆ ತಟ್ಟಿ ಹಾಡಿದರು. ಅವನು ಆ ಸೆಖೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟು ಬಂದಿದ್ದ. ಕಣ್ಣು ಕೆಂಪಾಗಿತ್ತು. ಮಾತು ಮಾತಿಗೂ ಜೋಕು ಹೊಡೆದ, ಬಡಿಸುವವರನ್ನೂ ಬಿಡಲಿಲ್ಲ. ಅವಳಿಗೆ ಯಾಕೋ ಅದು ಅತಿಯಾಯಿತು ಅನ್ನಿಸಿತು.

ಆಮೇಲೆ ಇಬ್ಬರೂ ಮರಳಿನ ಮೇಲೆ ನಡೆದರು. ಅವಳು ಅವನ ಎಡಕ್ಕೆ ಬಂದರೆ ಅವನು ಬಳಸಿಕೊಂಡು ಹೋಗಿ ಅವಳನ್ನು ಬಲಕ್ಕೆ ಹಾಕಿಕೊಳ್ಳುತ್ತಿದ್ದ. ಷರತ್ತಿನ ಆಟ ಎಂದು ಅವಳು ನಕ್ಕಳು. ಅಲೆ ಬಂದು ಪಾದ ತೊಯ್ದಾಗ ಧೈರ್ಯ ಮಾಡಿ ಬಾಯಿ ತೆರೆದಳು.

"ನಲವತ್ತು ತುಂಬಿತಲ್ಲ. ನೀವು ಕೇಳಿದ್ದಿರಲ್ಲ, ಅದಕ್ಕೆ..."

"ಇವತ್ತು ಬೇಡ," ಎಂದ ಅವನು, ಥಟ್ಟನೆ. "ಇನ್ನೆರಡು ದಿನ ಕಳೀಲಿ. ಆಮೇಲೆ ಹೇಳಿ."

"ಯಾಕೆ?"

"ಸುಮ್ನೆ."

"ಸುಮ್ನೆ ಅಂದ್ರೆ? ಮನಸ್ಸು ಬದಲಾಯ್ತಾ?"

ಅವನು ತಿರುಗಿ ಹೊರಟ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ಕಾಯಿಸಿದ್ದಕ್ಕೆ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡಳು. ಹಿಂದಿನಿಂದ ಓಡಿ, ಕೈಗೆ ಸಿಕ್ಕ ತೋಳನ್ನು ಹಿಡಿದು ನಿಲ್ಲಿಸಿದಳು. ಸಿಕ್ಕಿದ್ದು ಎಡತೋಳು.

ಅವಳ ಬೆರಳುಗಳು ಅಭ್ಯಾಸದಿಂದ ತಮ್ಮ ಜಾಗಕ್ಕೆ ತಾವೇ ಹೋದವು. ಅಲ್ಲಿ ಏನೂ ಇರಲಿಲ್ಲ. ಚರ್ಮದ ಕೆಳಗೆ ರಕ್ತನಾಳ ಹಗ್ಗದಂತೆ ಗಟ್ಟಿಯಾಗಿ ಮಲಗಿತ್ತು. ಕಂಪನವಿಲ್ಲ. ಇನ್ನೊಂದು ಕಡೆ ಒತ್ತಿದಳು. ಅಲ್ಲೂ ಇಲ್ಲ. ಬಗ್ಗಿ ಕಿವಿ ಇಟ್ಟಳು. ಸಮುದ್ರದ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

"ಯಾವಾಗಿಂದ?"

"ಬೆಳಿಗ್ಗೆ ಎದ್ದಾಗ ನೋಡಿದೆ. ನಿದ್ದೇಲಿ ಕೈ ಮೇಲೆ ಮಲಗಿಬಿಟ್ಟಿದ್ದೆ ಅನ್ಸುತ್ತೆ."

"ಸುಳ್ಳು. ನಿಮ್ಮ ಕಣ್ಣು ನೋಡಿದ್ರೆ ರಾತ್ರಿಯೆಲ್ಲ ಮಲಗಿಲ್ಲ ನೀವು."

ಅವನು ನೆಲ ನೋಡಿದ. ಆಗ ಅವಳಿಗೆ ಜಗಲಿ, ಬೆತ್ತದ ಸೋಫಾ, ಕೆನ್ನೆಯ ಅಚ್ಚು ಎಲ್ಲವೂ ಒಟ್ಟಿಗೆ ನೆನಪಾದವು. ಆ ಕೈಗೆ ವಾಚು ಕಟ್ಟಬೇಡಿ, ಚೀಲ ನೇತುಹಾಕಬೇಡಿ, ಅದರ ಮೇಲೆ ತಲೆ ಇಟ್ಟು ಮಲಗಬೇಡಿ, ರಕ್ತ ಹೆಪ್ಪುಗಟ್ಟುತ್ತೆ ಎಂದು ಕಂಡಕಂಡ ರೋಗಿಗಳನ್ನು ಬೈಯುವವಳು ಅವಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ನಾನು ಮಲಗಿದಾಗ," ಎಂದಳು. "ನನ್ನ ತಲೆ. ಕೈ ಜೋಮು ಹಿಡಿಯಲಿಲ್ವಾ?"

"ಹಿಡೀತು."

"ಮತ್ತೆ ಯಾಕೆ ತೆಗೀಲಿಲ್ಲ? ಎಬ್ಬಿಸೋಕೆ ಏನಾಗಿತ್ತು ನಿಮಗೆ?"

"ಇಷ್ಟು ವರ್ಷದಲ್ಲಿ ನೀವು ನಿದ್ದೆ ಮಾಡಿದ್ದನ್ನ ನಾನು ನೋಡೇ ಇರಲಿಲ್ಲ," ಎಂದ ಅವನು. "ಯಾವಾಗಲೂ ನಾನು ಮಲಗಿರ್ತೀನಿ, ನೀವು ನಿಂತಿರ್ತೀರ. ಇನ್ನೊಂದು ಸ್ವಲ್ಪ ಹೊತ್ತು, ಇನ್ನೊಂದು ಸ್ವಲ್ಪ ಹೊತ್ತು ಅಂತ ಆಸೆ ಆಯ್ತು."

"ಸಂಜೆ ಆದ್ರೂ ಹೇಳಬಹುದಿತ್ತಲ್ಲ! ಆಗಲೇ ಹೊರಟಿದ್ರೆ..."

"ಹೇಳಿದ್ರೆ ಯಾರ ತಲೆ ಅಂತ ನಿಮಗೆ ಅದೇ ಕ್ಷಣ ಗೊತ್ತಾಗ್ತಿತ್ತು. ಸೋಮವಾರ ವಾರ್ಡಲ್ಲಿ ಗೊತ್ತಾದ್ರೆ, ಏನೋ ಆಯ್ತು ಅಂತ ಹೋಗ್ತಿತ್ತು. ನೀವು ಅದನ್ನ ಹೊತ್ಕೊಂಡು ತಿರುಗೋದು ಬೇಡ ಅಂತ."

ಅವಳು ಅವನ ಎದೆಗೆ ಎರಡೂ ಕೈಯಿಂದ ಗುದ್ದಿದಳು. ಆಮೇಲೆ ಅವನ ಮುಂಗೈ ಹಿಡಿದು, ಬಿಸಿಲಿನಲ್ಲಿ, ರಿಸಾರ್ಟಿನ ಕಾರಿನ ಕಡೆಗೆ ಎಳೆದುಕೊಂಡು ನಡೆದಳು.

ಆಸ್ಪತ್ರೆಯ ದಾರಿಯುದ್ದಕ್ಕೂ ಅವನು ಎರಡೇ ಮಾತಾಡಿದ. ಫೋನಿನಲ್ಲಿ ಅಕ್ಕನಿಗೆ, ನಿದ್ದೆಯಲ್ಲಿ ಕೈ ಮೇಲೆ ಹೊರಳಿಬಿಟ್ಟೆ ಎಂದು ಒಂದು. ಇವಳಿಗೆ, "ಈಗ ನೀವು ಏನೂ ಹೇಳಬೇಡಿ, ಹೌದೂ ಬೇಡ, ಇಲ್ಲವೂ ಬೇಡ. ಕೈ ಇದ್ದವನಿಗೆ ಹೇಳೋ ಉತ್ತರ ಬೇರೆ, ಇಲ್ಲದವನಿಗೆ ಬೇರೆ," ಎಂದು ಇನ್ನೊಂದು. ಅದಕ್ಕೇ ಅವನು ಮರಳಿನ ಮೇಲೆ ಅವಳ ಬಾಯಿ ಮುಚ್ಚಿಸಿದ್ದ.

ಸರ್ಜನ್ ಮಧ್ಯಾಹ್ನವೆಲ್ಲ ಪ್ರಯತ್ನಪಟ್ಟರು. ಹೊರಗೆ ಬಂದು ತಲೆ ಅಲ್ಲಾಡಿಸಿದರು. ಹೆಪ್ಪು ತೆಗೆದಷ್ಟೂ ಮತ್ತೆ ಕಟ್ಟುತ್ತಿದೆ. ನಾಳ ಒಳಗೆ ಮೊದಲೇ ಕಿರಿದಾಗಿತ್ತು. ಎಂದಾದರೊಂದು ದಿನ ಹೀಗಾಗುವುದಿತ್ತೇನೋ. ಈಗ ಕತ್ತಿನಲ್ಲಿ ಟ್ಯೂಬ್ ಹಾಕಿದ್ದೇವೆ, ಇನ್ನು ಅದರಲ್ಲೇ ಡಯಾಲಿಸಿಸ್. ಎಂದಾದರೊಂದು ದಿನ ಅನ್ನುವ ಮಾತನ್ನು ಅವರು ಅವಳಿಗೆಂದೇ ಹೇಳಿದ ಹಾಗಿತ್ತು. ಅದರಿಂದ ಅವಳಿಗೆ ಎಳ್ಳಷ್ಟೂ ಸಮಾಧಾನವಾಗಲಿಲ್ಲ. ಆ ಒಂದು ದಿನ ನಾಳೆಯೂ ಆಗಬಹುದಿತ್ತು, ಐದು ವರ್ಷ ಬಿಟ್ಟೂ ಆಗಬಹುದಿತ್ತು.

ಅಕ್ಕ ಓಡಿ ಬಂದವಳೇ ಇವಳ ಹೆಗಲು ಹಿಡಿದುಕೊಂಡಳು. "ಬಡ್ಕೊಂಡ್ರೂ ಕೇಳಲ್ಲ ಅವನು. ಕೈ ಮೇಲೆ ಮಲಗಬೇಡ ಅಂತ ಎಷ್ಟು ಸಲ ಹೇಳಿದೀನಿ! ನೀನಿದ್ದೆ, ಜೀವ ಉಳೀತು. ನೀನಿಲ್ಲದಿದ್ರೆ ನನ್ನ ತಮ್ಮ ಎಲ್ಲಿರ್ತಿದ್ದ?"

ಸುಮ್ಮನಿದ್ದರೆ ಮುಗಿಯುತ್ತಿತ್ತು. ಅವನು ಅದನ್ನೇ ಬಯಸಿದ್ದ. ಆದರೆ ಆ ಹೆಗಲ ಮೇಲಿನ ಕೈ ಅವಳಿಗೆ ಸುಡುತ್ತಿತ್ತು.

"ಅವರು ಮಲಗಲಿಲ್ಲ ಅಕ್ಕ. ನಾನು ಮಲಗಿದ್ದೆ. ಅವರ ಕೈ ಮೇಲೆ."

ಅಕ್ಕ ಕೈ ತೆಗೆದಳು. ಕಾರಿಡಾರಿನಲ್ಲಿ ಟ್ರಾಲಿಯೊಂದು ಸದ್ದು ಮಾಡುತ್ತ ಹೋಯಿತು. ಅದು ತಿರುವು ದಾಟುವವರೆಗೂ ಅಕ್ಕ ಅದನ್ನೇ ನೋಡಿದಳು.

"ಎಷ್ಟು ಹೊತ್ತು?"

"ಮಧ್ಯಾಹ್ನದಿಂದ ಸಂಜೆವರೆಗೆ."

"ಎಬ್ಬಿಸಲಿಲ್ವಾ ಅವನು?"

"ಇಲ್ಲ."

ಅಕ್ಕ ಬೆಂಚಿನ ಮೇಲೆ ಕುಸಿದು ಕೂತಳು. "ಚಿಕ್ಕವನಿದ್ದಾಗ ಬಸ್ಸಲ್ಲಿ ನನಗೆ ತೂಕಡಿಕೆ ಬಂದು ತಲೆ ತಾಗಿದ್ರೆ, ಭುಜ ಕೊಡವಿಬಿಡೋನು," ಎಂದಳು. ಆಮೇಲೆ ಸೆರಗಿನಿಂದ ಮುಖ ಗಟ್ಟಿಯಾಗಿ ಒರೆಸಿಕೊಂಡಳು. "ನಿನ್ನ ಮೇಲೆ ನನಗೆ ಸಿಟ್ಟಿದೆ. ಇವತ್ತು ಹೋಗಲ್ಲ, ನಾಳೆನೂ ಹೋಗಲ್ಲ. ಅದನ್ನ ನಾನು ನೋಡ್ಕೊಳ್ತೀನಿ. ನೀನು ಒಳಗೆ ಹೋಗು. ಎಚ್ಚರ ಆದ್ರೆ ಅವನು ಮೊದಲು ಕೇಳೋದು ನಿನ್ನನ್ನೇ."

ಅವನಿಗೆ ಎಚ್ಚರವಾಗಿತ್ತು. ಕತ್ತಿನ ಬಲಗಡೆ ಬ್ಯಾಂಡೇಜು, ಅದರಿಂದ ಇಳಿಬಿದ್ದ ಎರಡು ಪುಟ್ಟ ನಳಿಕೆ. ಅವಳು ಬಲಗಡೆಯ ಸ್ಟೂಲಿನ ಮೇಲೆ ಕೂತಳು. ಅವನು ಚಾವಣಿಯನ್ನು ನೋಡುತ್ತಲೇ ಕೇಳಿದ.

"ಅಕ್ಕನಿಗೆ ಹೇಳಿಬಿಟ್ರಾ?"

"ಹೇಳಿದೆ."

"ಕೈ ಕಳ್ಕೊಂಡು ಕಟ್ಟಿದ ಸುಳ್ಳು ಅದು. ಒಂದು ದಿನ ಕೂಡ ಬಾಳಿಸಲಿಲ್ಲ ನೀವು."

"ಇನ್ನು ಮೇಲೆ ಕಟ್ಟಬೇಡಿ. ನನಗೆ ನಿಮ್ಮ ಕೈ ಬೇಕಿತ್ತು. ನಿಮ್ಮ ಸುಳ್ಳು ಬೇಕಿರಲಿಲ್ಲ." ಅವಳು ಉಸಿರು ತೆಗೆದುಕೊಂಡಳು. "ಈಗ ನನ್ನ ಉತ್ತರ ಕೇಳಿ."

"ತಪ್ಪು ಮಾಡಿದೆ ಅನ್ನೋ ಕಾರಣಕ್ಕೆ ಒಪ್ಕೊಳ್ಳೋದಾದ್ರೆ ಬೇಡ."

"ತಪ್ಪಿಗೆ ನಾನು ಅಳ್ತೀನಿ. ಎಷ್ಟು ದಿನ ಅಳಬೇಕೋ ಅಳ್ತೀನಿ, ಅದು ಬೇರೆ ಲೆಕ್ಕ. ಒಪ್ಪಿದ್ದು ನಿನ್ನೆ ಬೆಳಿಗ್ಗೆ, ಕಾರು ಹತ್ತೋ ಮೊದಲು."

ಕತ್ತಿನ ಟ್ಯೂಬಿನವರ ಕಥೆ ಅವಳಿಗೂ ಗೊತ್ತು, ಅವನಿಗೂ ಗೊತ್ತು. ಅದಕ್ಕೆ ಸೋಂಕು ಬೇಗ ತಗಲುತ್ತದೆ. ಬದಲಾಯಿಸುತ್ತಾರೆ, ಮತ್ತೆ ತಗಲುತ್ತದೆ. ಅವರ ವಾರ್ಡಿನಲ್ಲಿ ಬೇಗ ಖಾಲಿಯಾಗುವುದು ಅಂಥವರ ಕುರ್ಚಿಗಳೇ.

"ಒಂದು ವರ್ಷ ಇರಬಹುದು," ಎಂದ ಅವನು. "ಅದೃಷ್ಟ ಇದ್ರೆ ಎರಡು. ಅಷ್ಟು ಸಾಕಾ ನಿಂಗೆ?"

ಅವನು ಮೊದಲ ಸಲ ಅವಳನ್ನು ನೀನು ಎಂದಿದ್ದ. ಸಾಕು ಎನ್ನುವುದು ಸುಲಭವಿತ್ತು. ಹಾಸಿಗೆಯ ಪಕ್ಕ ಕೂತವರೆಲ್ಲ ಹಾಗೇ ಹೇಳುವುದನ್ನು ಅವಳು ಕೇಳಿದ್ದಳು.

"ಸಾಲಲ್ಲ," ಎಂದಳು. "ಏನೇನೂ ಸಾಲಲ್ಲ. ಆದ್ರೂ ಬೇಕು."

ಅವನು ಅವಳ ಕಡೆ ತಿರುಗಲು ನೋಡಿದ. ಹೊಸ ಹೊಲಿಗೆ ಎಳೆದು ಮುಖ ಕಿವುಚಿತು, ಕತ್ತು ತಿರುಗಲಿಲ್ಲ. ಅವಳು ಸ್ಟೂಲು ಎತ್ತಿಕೊಂಡು ಮಂಚ ಬಳಸಿ ಎಡಗಡೆಗೆ ಬಂದು, ಅವನಿಗೆ ಕಾಣುವ ಹಾಗೆ ಕೂತಳು.