ಅಳೆದು ಕೊಟ್ಟ ನೀರು

"ದನದ ಮುಂದೆ ಬಾನಿ ತುಂಬ ನೀರಿಡ್ತೀವಿ ಕಣೇ! ತಾಳಿ ಕಟ್ಟಿದ ಗಂಡನ್ಗೆ ಲೋಟದ ಅಳ್ತೆಯಾ? ಅಯ್ಯೋ... ನನ್ ಮಗ ಏನ್ ಪಾಪ ಮಾಡಿದ್ನೇ!"

ದೊಡ್ಡತಾಯಮ್ಮನ ಕೂಗು ಹರದನಹಳ್ಳಿಯ ಆ ಬೀದಿಯ ಕೊನೆಯ ಮನೆಗೂ ಕೇಳುವಂತಿತ್ತು. ಸೊಸೆ ರೂಪಶ್ರೀ ಅರ್ಧ ಲೋಟ ನೀರನ್ನು ಗಂಡ ರವೀಂದ್ರನ ಕೈಗಿತ್ತು, ಬಾಟಲಿಯ ಮುಚ್ಚಳ ತಿರುಗಿಸಿದಳು. ಅವನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿ ಎರಡು ವರ್ಷವಾಗಿತ್ತು. ಸೋಮವಾರ, ಬುಧವಾರ, ಶುಕ್ರವಾರ ಹಾಸನಕ್ಕೆ ಹೋಗಿ ನಾಲ್ಕು ಗಂಟೆ ಡಯಾಲಿಸಿಸ್. ಕಾಫಿ, ಸಾರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಮುಕ್ಕಾಲು ಲೀಟರು. ಬಾಳೆಹಣ್ಣು ಬೇಡ, ಎಳನೀರಂತೂ ಒಂದು ಚಮಚವೂ ಬೇಡ... ಡಾಕ್ಟರು ಹೇಳಿದ್ದನ್ನು ಅವಳು ಅತ್ತೆಗೆ ಎಷ್ಟು ಸಲ ಹೇಳಿದ್ದಳೋ!

"ಬಿಡವ್ವ," ರವೀಂದ್ರ ಒಣಗಿದ ತುಟಿ ನೆಕ್ಕಿಕೊಂಡು ನಕ್ಕ. "ಅಬಕಾರಿ ಇನ್ಸ್‌ಪೆಕ್ಟ್ರನ್ನ ಮದ್ವೆ ಆಗಿವ್ನಿ. ಗುಟುಕು ಗುಟುಕಿಗೂ ಕೇಸು."

ರೂಪಶ್ರೀಗೆ ನಗು ಬರಲಿಲ್ಲ. ಮೊದಮೊದಲು ಅವಳು ಅತ್ತಿದ್ದಳು, ಕಾಲು ಹಿಡಿದಿದ್ದಳು, ಜಗಳವಾಡಿದ್ದಳು. ಈಗ ಅವನು ಬಚ್ಚಲಿಗೆ ಹೋದರೆ ನಲ್ಲಿಯ ಸದ್ದಿಗೆ ಕಿವಿಗೊಡುತ್ತಿದ್ದಳು. ಅವನ ಪಾದ ಊದಿದೆಯೇ ಎಂದು ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಗಂಡನ ಮುಖ ನೋಡಿದರೆ ಪ್ರೀತಿಗಿಂತ ಮೊದಲು ಅನುಮಾನ ಬರುತ್ತಿತ್ತು. ಇದು ಸಂಸಾರವೇ, ಕಾವಲೇ? ಯಾರನ್ನು ಕೇಳುವುದು...

ಆ ಶುಕ್ರವಾರ ಬೆಳಿಗ್ಗೆ ಅವನು ಹಾಸಿಗೆ ಬಿಟ್ಟೇಳಲಿಲ್ಲ. "ಇವತ್ತೊಂದಿನ ಬ್ಯಾಡ ಕಣೇ. ಸೂಜಿ ಹಾಕಿದ ಕೈ ಇನ್ನೂ ನೋಯ್ತದೆ. ಸೋಮವಾರ ಓಗನ."

ಬೇರೆ ದಿನವಾಗಿದ್ದರೆ ರೂಪಶ್ರೀ ಬಿಡುತ್ತಿರಲಿಲ್ಲ. ಅಂದು ಬಾಗಿಲ ಚೌಕಟ್ಟಿಗೆ ಒರಗಿ, "ಬ್ಯಾಡ ಅಂದ್ರೆ ಬ್ಯಾಡ, ಬಿಡಿ," ಎಂದುಬಿಟ್ಟಳು. ಬಸ್ಸು ಹಾರ್ನ್ ಹಾಕಿ ಹೋದದ್ದು ಕೇಳಿಸಿತು. ಆಗ ಅವಳಿಗೆ ಹಾಯೆನಿಸಿತು!

ಶನಿವಾರ ಅವಳು ಮಾತ್ರೆ ತರಲು ಹೊಳೆನರಸೀಪುರಕ್ಕೆ ಹೋದಾಗ ದೊಡ್ಡತಾಯಮ್ಮ ಪಕ್ಕದ ಮನೆಯ ದ್ಯಾವಯ್ಯನನ್ನು ತೆಂಗಿನ ಮರ ಹತ್ತಿಸಿದರು. ಉಚ್ಚೆ ಕಟ್ಟಿದವರಿಗೆ ಎಳನೀರು ಕುಡಿಸುವುದು ಅವರು ಹುಟ್ಟಿದಾಗಿನಿಂದ ಕಂಡ ಮದ್ದು. ತಾಯಿ ಕೆತ್ತಿ ಕೊಟ್ಟದ್ದನ್ನು ಮಗ ಕಣ್ಣು ಮುಚ್ಚಿ ಕುಡಿದ. ಒಂದಲ್ಲ, ಎರಡು. ಬೇಡ ಎನ್ನುವುದು ಅವನಿಗೂ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಅವನ ಕಾಲುಗಳು ಏಳಲಿಲ್ಲ. "ರೂಪಾ... ಎದೆ ಏನೋ..." ಎಂದವನ ಮಾತು ಅಲ್ಲಿಗೇ ನಿಂತಿತು.

ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು ಇಬ್ಬರು ಹೆಂಗಸರನ್ನೂ ನೋಡಿದರು. "ತುರ್ತಾಗಿ ಡಯಾಲಿಸಿಸ್‌ಗೆ ಹಾಕಿದ್ದೇವೆ. ರಕ್ತದಲ್ಲಿ ಪೊಟ್ಯಾಸಿಯಂ ವಿಪರೀತ ಏರಿದೆ. ಇನ್ನೂ ತಡವಾಗಿದ್ದರೆ ಹೃದಯ ನಿಲ್ಲುತ್ತಿತ್ತು. ಏನು ಕೊಟ್ಟಿರಿ?"

ದೊಡ್ಡತಾಯಮ್ಮ ಎರಡು ಬೆರಳು ಎತ್ತಿ ತೋರಿಸಿದರು. "ಎಳ್ನೀರು ಸಾ... ತಂಪಾಗ್ಲಿ ಅಂತ... ಎಲ್ಡೇ ಎಲ್ಡು..."

ಡಾಕ್ಟರು ಬೈದು ಒಳಗೆ ಹೋದರು. ಮುದುಕಿ ಗೋಡೆಗೆ ಆತು ಕುಸಿದು ಕೂತರು. "ನಾನೇ ಕಣವ್ವ... ಎತ್ತ ತಾಯಿ ಕೈಲೇ ವಿಷ ಕೊಟ್ಬುಟ್ಟೆ! ಬೈಯಿ ನನ್ನ. ಬೀದೀಲಿ ನಿಲ್ಸಿ ಬೈಯಿ!"

ಎರಡು ವರ್ಷ ಗಂಟಲಲ್ಲಿ ಕಟ್ಟಿಟ್ಟುಕೊಂಡಿದ್ದ ಮಾತುಗಳೆಲ್ಲ ರೂಪಶ್ರೀಯ ನಾಲಿಗೆಯ ತುದಿಗೆ ಬಂದವು. ಈಗ ಒಂದೊಂದನ್ನೂ ಎಸೆಯಬಹುದಿತ್ತು. ಯಾರೂ ತಪ್ಪೆನ್ನುತ್ತಿರಲಿಲ್ಲ! ಆದರೆ ಶುಕ್ರವಾರ ಅನುಭವಿಸಿದ ಆ ಹಾಯೆನ್ನುವ ಗಳಿಗೆ ಅವಳ ಎದೆಯಲ್ಲೇ ಮುಳ್ಳಿನಂತೆ ಚುಚ್ಚುತ್ತಿತ್ತು. ಅವಳು ಅತ್ತೆಯ ಪಕ್ಕ ನೆಲದ ಮೇಲೆ ಕೂತಳು.

"ತಪ್ಪೆಲ್ಲ ಒಬ್ಬರೇ ಹೊರಬೇಡಿ ಅತ್ತೆ. ಶುಕ್ರವಾರ ನಾನು ಕಳಿಸ್ಲಿಲ್ಲ. ಬಲವಂತ ಮಾಡಿದ್ರೆ ಬರ್ತಿದ್ರು. ನಂಗೂ ಸಾಕಾಗಿತ್ತು..."

ಅತ್ತೆ ಸೊಸೆಯತ್ತ ತಿರುಗಿದರು. "ಸಾಕಾಗದೆ ಇರ್ತದಾ, ಮಗ," ಎಂದರು ಮೆಲ್ಲಗೆ.

ಮಧ್ಯಾಹ್ನ ನರ್ಸು ದೊಡ್ಡತಾಯಮ್ಮನನ್ನು ಒಳಗೆ ಬಿಟ್ಟಳು. ಯಂತ್ರವನ್ನು ಅವರು ಕಂಡದ್ದು ಅದೇ ಮೊದಲು. ಕೊಳವೆಯಲ್ಲಿ ಕೆಂಪಗೆ ಹರಿಯುತ್ತಿದ್ದುದನ್ನು ನೋಡಿ, "ಇದೆಲ್ಲಾ ನನ್ ಮಗನ ರಕ್ತವಾ? ವಾರಕ್ಕೆ ಮೂರ್ ಸಲವಾ?" ಎಂದು ಸೆರಗು ಬಾಯಿಗೆ ತುರುಕಿಕೊಂಡರು.

ರವೀಂದ್ರ ಉಳಿದ. ನಾಲ್ಕನೆಯ ದಿನ ಮನೆಗೆ ಬಂದ; ಶುಕ್ರವಾರ ತಕರಾರಿಲ್ಲದೆ ಡಯಾಲಿಸಿಸ್‌ಗೂ ಹೋಗಿಬಂದ. ಮುಂದಿನ ಸೋಮವಾರ ಬೆಳಗಾದಾಗ ಮತ್ತೆ ಗೋಡೆಯತ್ತ ತಿರುಗಿದ. "ಇವತ್ತೊಂದಿನ ಬ್ಯಾಡ."

ರೂಪಶ್ರೀ ಬಾಯಿ ತೆರೆಯುವಷ್ಟರಲ್ಲಿ ಹೊಸಿಲಿನ ಹತ್ತಿರ ಅತ್ತೆಯ ದನಿ ಕೇಳಿತು. ಒಗೆದ ಸೀರೆ ಉಟ್ಟು, ಕೈಚೀಲ ಹಿಡಿದು ನಿಂತಿದ್ದರು. "ಏಳ್ಲಾ."

"ಅವ್ವಾ, ನೀನಾದ್ರೂ..."

"ಏಳ್ಲಾ ಅಂದೆ! ಬೈಯೋದಿದ್ರೆ ಬಸ್ನಲ್ಲಿ ಕೂತ್ಕಂಡು ಬೈಯಿ. ಇವತ್ತು ನಾನ್ ಬತ್ತೀನಿ."

ಅವನು ತಾಯಿಯನ್ನು ಅಪರಿಚಿತಳನ್ನು ನೋಡುವಂತೆ ನೋಡಿದ. "ನೀನೂ ಅವಳಂಗೇ ಆಗ್ಬುಟ್ಯಲ್ಲವ್ವ! ಕಟುಕಿ ಆಗ್ಬುಟ್ಟೆ..."

ಆ ಮಾತು ದೊಡ್ಡತಾಯಮ್ಮನಿಗೆ ಎಲ್ಲಿ ನಾಟಿತೆಂದು ರೂಪಶ್ರೀಗೆ ಗೊತ್ತಾಯಿತು. ಆದರೂ ಮುದುಕಿ ಮಗನ ಚಪ್ಪಲಿ ಎತ್ತಿ ಅವನ ಕಾಲ ಬಳಿ ಇಟ್ಟರು. "ಊಂ, ಆಗ್ಬುಟ್ಟೆ. ಮೆಟ್ಕೋ."

ಬಸ್ಸು ಹೊರಟ ಮೇಲೆ ರೂಪಶ್ರೀ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಹಾಗೆಯೇ ಕೂತಳು. ಎದ್ದು ಮನೆಗೆ ಹೋಗಬೇಕೆಂದೂ ತೋಚಲಿಲ್ಲ. ಅತ್ತೆ ಕಿಟಕಿಯಿಂದ ಕೈ ಬೀಸಿರಲಿಲ್ಲ. ಮಗನ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಬುಧವಾರದ ಸರದಿ ರೂಪಶ್ರೀಯದು.