ಗಂಗೆಗೆ ಬಿಟ್ಟ ಬದನೆಕಾಯಿ

"ಬಾರೋ ದಾನ್ಯಾ! ಲಿಫ್ಟಿನ್ಯಾಗ ಬಂದೂ ಇಷ್ಟ್ಯಾಕ ಬೆವತೀಯೋ?"

ಬಾಗಿಲು ತೆರೆದ ಮಹಾದೇವಿ ನಕ್ಕಳು. ನಕ್ಕಾಗ ಎಡಗೆನ್ನೆಯಲ್ಲಿ ಬೀಳುವ ಗುಳಿ ಹಾಗೇ ಇತ್ತು. ಅದನ್ನು ಕಂಡೊಡನೆ ದಾನಪ್ಪ ಕಣ್ಣು ಇಳಿಸಿ, ಬಗ್ಗಿ, ಚಪ್ಪಲಿಯ ಬೆಲ್ಟನ್ನು ಬಹಳ ಹೊತ್ತು ಬಿಚ್ಚಿದ.

"ನೀವು... ಆರಾಮ ಇದ್ದೀರಿ?"

"ನೀವು?" ಅವಳು ತಿರುಗಿ ನೋಡಿದಳು. "ನನ್ನ ಹಿಂದ ಯಾರ್ ನಿಂತಾರೋ? ಸಾಲ್ಯಾಗ ನನ್ನ ಜಡಿ ಜಗ್ಗೂವಾಗ ನೀವು ಅಂತಿದ್ದೇನು?"

ಇಬ್ಬರೂ ಧಾರಾವಿಯ ಕನ್ನಡ ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಓದಿದವರು. ಆಮೇಲೆ ಅವಳು ಮದುವೆಯಾಗಿ ಚೆಂಬೂರಿಗೆ ಬಂದಳು. ಅವನು ಕುರ್ಲಾದ ವರ್ಕ್‌ಶಾಪಿನಲ್ಲಿ ಲೇತ್ ಮಷೀನಿನ ಮುಂದೆ ಮುದುಕನಾದ. ಅವಳ ಯಜಮಾನರು ಹೋಗಿ ಬಹಳ ವರ್ಷಗಳಾಗಿದ್ದವು. ಅವನ ಹೆಂಡತಿ ಲಕ್ಷ್ಮವ್ವ ತೀರಿಕೊಂಡದ್ದು ಹೋದ ಶ್ರಾವಣದಲ್ಲಿ. ಮೊನ್ನೆ ದೇವಸ್ಥಾನದಲ್ಲಿ ತೀರ್ಥಕ್ಕೆ ಕೈಯೊಡ್ಡಿ ನಿಂತಾಗ ಪಕ್ಕದ ಕೈ ಮಹಾದೇವಿಯದಾಗಿತ್ತು. "ರವಿವಾರ ಊಟಕ್ಕ ಬಾ" ಎಂದಿದ್ದಳು. ಹಳೆಯ ಗೆಳತಿಯ ಮನೆಯಲ್ಲಿ ಉಂಡರೆ ಪಾಪವೇನು ಎಂದು ಲೋಕಲ್ ರೈಲಿನಲ್ಲಿ ದಾರಿಯುದ್ದಕ್ಕೂ ಶಿವನನ್ನು ಕೇಳುತ್ತ ಬಂದಿದ್ದ. ಶಿವ ಏನೂ ಹೇಳಿರಲಿಲ್ಲ.

ಊಟಕ್ಕೆ ಕುಳಿತರು. ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಅವನು ಎರಡು ತುತ್ತು ತಿನ್ನುವಷ್ಟರಲ್ಲಿ ಅವಳು ಒಳಗಿನಿಂದ ಬಿಸಿ ಬೋಗುಣಿ ತಂದಳು. "ನಿನಗೇನು ಸೇರ್ತೈತಂತ ನನಗ ಇನ್ನೂ ನೆನಪೈತಿ" ಎಂದು ಅವನ ತಾಟಿಗೆ ಬಡಿಸಿದಳು.

ಎಣ್ಣೆಗಾಯಿ! ತೊಟ್ಟು ಸಮೇತ ಬೆಂದ ಎಳೆಯ ಬದನೆಕಾಯಿ, ಗುರೆಳ್ಳಿನ ಘಮ.

ಕೈಗೆ ಹಳೆಯ ರೂಢಿ. ರೊಟ್ಟಿ ಮುರಿದು ಆಗಲೇ ಕಾಯನ್ನು ಒತ್ತಿತ್ತು. ತುತ್ತು ತುಟಿಯ ಹತ್ತಿರ ಬಂದು ಅಲ್ಲೇ ನಿಂತಿತು.

ಲಕ್ಷ್ಮವ್ವನ ಹೆಸರಿನಲ್ಲಿ ಅವನು ಕಾಶಿಗೆ ಹೋಗಿದ್ದ. ಕಾಶಿಗೆ ಹೋದವರು ತಮಗೆ ಬಲು ಪ್ರಿಯವಾದ ಒಂದನ್ನು ಅಲ್ಲೇ ಬಿಟ್ಟು ಬರಬೇಕು. ಆಮೇಲೆ ಸಾಯುವ ತನಕ ಬಾಯಿಗಿಡಬಾರದು. ಸೊಂಟದ ಮಟ್ಟ ನೀರಿನಲ್ಲಿ ನಿಂತು ಅವನು ಬಿಟ್ಟದ್ದು ಬದನೆಕಾಯಿ. ತಿಂದರೆ ಗಂಗೆಗೆ ಕೊಟ್ಟ ಮಾತು ಮುರಿಯುತ್ತದೆ, ಹೋದ ಜೀವ ನೋಯುತ್ತದೆ. ತಿನ್ನದಿದ್ದರೆ ಯಾಕೆಂದು ಹೇಳಬೇಕು. ಹೇಳಿದ ಮೇಲೆ ಈ ಬಾಗಿಲು ಮತ್ತೆ ತೆರೆಯುವುದೋ ಇಲ್ಲವೋ. ಅವನು ತುತ್ತನ್ನು ಮೆಲ್ಲಗೆ ತಾಟಿನ ಅಂಚಿಗೆ ಇಳಿಸಿದ.

"ಯಾಕೋ? ಖಾರ ಆತೇನು?"

"ಇಲ್ರೀ."

"ಮತ್ತ 'ರೀ'!"

"ಮಾದೇವಿ... ನಾ ಬದನಿಕಾಯಿ ಕಾಶ್ಯಾಗ ಬಿಟ್ಟು ಬಂದೀನಿ."

"ಅಯ್ಯ, ಮೊದಲ ಹೇಳಬಾರದ? ಹಾಗಲಕಾಯಿ ಬಿಟ್ಟಿದ್ರ ಆಗ್ತಿದ್ದಿಲ್ಲೇನು? ಶಾಣ್ಯಾರೆಲ್ಲ ಅದನ್ನ ಬಿಡ್ತಾರ."

"ಸೇರೂದನ್ನ ಬಿಡಬೇಕಲ್ಲ."

ಅವಳ ದನಿ ಮೆತ್ತಗಾಯಿತು. "ಲಕ್ಷ್ಮವ್ವ ಅಷ್ಟು ಚಂದ ಮಾಡ್ತಿದ್ಲೇನು?"

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಎದುರಿನ ದೇವರ ಗೂಡಿನಲ್ಲಿ ದೀಪ ಉರಿಯುತ್ತಿತ್ತು. ಉರಿಯುವ ದೀಪದ ಮುಂದೆ ಅವನಿಗೆ ಸುಳ್ಳು ಬರಲಿಲ್ಲ.

"ಅಕಿ ಚಲೋನ ಮಾಡ್ತಿದ್ಲು. ಪಾಪ, ಪ್ರತಿ ಸಲ ಕೇಳ್ತಿದ್ಲು, ಹ್ಯಾಂಗಾಗೇತ್ರಿ ಅಂತ. ಚಲೋ ಆಗೇತಿ ಅಂತಿದ್ದೆ. ಮನಸಿನ್ಯಾಗ ಮಾತ್ರ ಸಾಲಿ ಡಬ್ಬಿ. ನೀ ರೊಟ್ಟ್ಯಾಗ ಮುಚ್ಚಿ ಕೊಡ್ತಿದ್ದ ಎಣ್ಣಿಗಾಯಿ. ಅಕಿ ಹೋದ ಮ್ಯಾಲ ಭಾಳ ಅಂಜಿಕಿ ಬಂತು ಮಾದೇವಿ. ಅಕಿ ಬಡಿಸಿದ ತಾಟಿನ್ಯಾಗ ನಾ ಇನ್ನೊಬ್ಬರ ರುಚಿ ಹುಡುಕಿದೆ. ಅದಕ್ಕ ಬಿಟ್ಟೆ."

ಪಕ್ಕದ ಫ್ಲ್ಯಾಟಿನ ಕುಕ್ಕರ್ ಕೂಗಿ ಸುಮ್ಮನಾಯಿತು. ದಾನಪ್ಪನ ಕಣ್ಣು ಬಾಗಿಲ ಬಳಿಯ ಚಪ್ಪಲಿಯ ಕಡೆಗೆ ಹೋಯಿತು.

"ಅಂದ್ರ ಗಂಗ್ಯಾಗ ನನ್ನ ಮುಳುಗಿಸಿ ಬಂದಿ" ಎಂದಳು ಅವಳು. ಕೆನ್ನೆಯಲ್ಲಿ ಗುಳಿ ಇರಲಿಲ್ಲ.

ಅವನು ತಲೆ ಎತ್ತಲಿಲ್ಲ. ಬಳೆಯ ಸದ್ದಾಯಿತು. ಅವನ ತಾಟಿನಿಂದ ಆ ಬದನೆಕಾಯಿಯನ್ನು ಬೆರಳಲ್ಲೇ ಎತ್ತಿ ಅವಳು ತನ್ನ ತಾಟಿಗೆ ಹಾಕಿಕೊಳ್ಳುತ್ತಿದ್ದಳು.

"ಬ್ಯಾಡ, ಎಂಜಲಾಗೇತಿ!" ಅವನು ಗಾಬರಿಯಿಂದ ಕೈ ಅಡ್ಡ ಹಿಡಿದ. ಗಂಡಸಿನ ತಾಟಿನ ಎಂಜಲನ್ನು ಕೈಹಿಡಿದವಳಲ್ಲದೆ ಬೇರೆ ಯಾರೂ ಉಣ್ಣುವುದಿಲ್ಲ.

"ಗೊತ್ತೈತಿ."

"ಮಾದೇವಿ..."

"ಅಂಜಬ್ಯಾಡೋ. ಲಕ್ಷ್ಮವ್ವನ ಪಾಲಿಂದು ನನಗ ಬ್ಯಾಡ. ಗಂಗವ್ವಗ ಕೊಟ್ಟಿದ್ದನ್ನ ನಿನಗ ತಿನಸೂದೂ ಇಲ್ಲ. ನೀ ಬಿಟ್ಟಿದ್ದು ಬದನಿಕಾಯಿ. ನನ್ನನ್ನಲ್ಲ."

ಅವಳು ರೊಟ್ಟಿ ಮುರಿದು, ಕಾಯಿ ಸೇರಿಸಿ, ಬಾಯಿಗಿಟ್ಟಳು. ಅಡ್ಡ ಹಿಡಿದ ಅವನ ಕೈ ಮೆಲ್ಲಗೆ ಕೆಳಗಿಳಿಯಿತು.

"ಹ್ಯಾಂಗಾಗೇತಿ?" ಎಂದು ಕೇಳಿದ.

"ಉಪ್ಪು ಕಡಿಮಿ ಆಗೇತಿ" ಎಂದಳು ಸೆರಗಿನಿಂದ ಕಣ್ಣೊರಸಿಕೊಳ್ಳುತ್ತ. "ಮುಂದಿನ ರವಿವಾರ ಹೀರಿಕಾಯಿ ಮಾಡ್ತೀನಿ. ಅಷ್ಟರಾಗ ಅದನ್ನೂ ಎಲ್ಲೆರ ಬಿಟ್ಟು ಬಂದೀ ಮತ್ತ!"