ಕೆಂಪು ದೀಪ ಹತ್ತಿದ ದಿನ

"ಬಿಡೋ ನನ್ನ! ಅಣ್ಣ ಅಲ್ಲೇ ಇದ್ದಾನೆ... ಕಾಣಿಸ್ತಿದ್ದಾನೆ, ಬಿಡೋ!"

ಸ್ವಾಲಾ ಕಿರುಚುತ್ತಿದ್ದಳು. ಸೊಂಟ ಹಿಡಿದಿದ್ದ ಅಪರಿಚಿತನ ಕೈ ಸಡಿಲಾಗಲಿಲ್ಲ. ಇಬ್ಬರೂ ರೇನಿಸ್‌ಫ್ಯಾರಾ ಕಡಲತೀರದ ಕಪ್ಪು ಮರಳಿನ ಮೇಲೆ ಉರುಳಿದರು. ಯಾರೋ ಪ್ರವಾಸಿಯನ್ನು ಎಳೆದುತರಲು ನೀರಿಗಿಳಿದಿದ್ದ ಅಣ್ಣ ಈವರ್‌ನ ತಲೆ ಅಲೆಯೊಳಗೆ ಮರೆಯಾಯಿತು. ಮತ್ತೆ ಮೇಲೆ ಬರಲಿಲ್ಲ.

ಆ ಅಪರಿಚಿತನೇ ಓರ್ರಿ; ಅವಳು ಅವನನ್ನು ಕಂಡ ಮೊದಲ ದಿನ ಅದು. ಉತ್ತರದಿಂದ ಬಂದು ಪ್ರವಾಸಿ ಬಸ್ಸು ಓಡಿಸುತ್ತಿದ್ದವನು.

ಈವರ್‌ನ ದೇಹ ಸಿಗಲಿಲ್ಲ. ಹತ್ತಿರದ ವೀಕ್ ಊರಿನ ಚರ್ಚಿನಲ್ಲಿ ಶವಪೆಟ್ಟಿಗೆಯೇ ಇಲ್ಲದೆ ಪ್ರಾರ್ಥನೆ ಮುಗಿಯಿತು. ಹಿಂದಿನ ಬೆಂಚಿನಲ್ಲಿ ಓರ್ರಿ ಕೂತಿದ್ದ. ಸ್ವಾಲಾ ನೇರ ಅವನ ಮುಂದೆ ಹೋಗಿ ನಿಂತಳು.

"ನಿನಗೆ ನೀರಿಗಿಳಿಯೋ ಧೈರ್ಯ ಇರ್ಲಿಲ್ಲ. ಅದಕ್ಕೆ ನನ್ನನ್ನೂ ತಡೆದೆ. ಹೇಡಿ!"

ಅವನು ತಲೆ ತಗ್ಗಿಸಿದ.

ಎರಡು ವರ್ಷ ಕಳೆಯಿತು. ಸ್ವಾಲಾ ಕಡಲ ದಂಡೆಯ ಕಾಫಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಓರ್ರಿ ದಿನಾ ಬಸ್ಸು ತರುತ್ತಿದ್ದ.

"ಒಂದು ಕಾಫಿ, ಸ್ವಾಲಾ."

"ಕೈ ಕಾಲು ನೆಟ್ಟಗಿದೆಯಲ್ಲ? ಅಲ್ಲಿದೆ ಮಿಷನ್ನು. ಹಾಕ್ಕೋ."

ಆದರೂ ಬಸ್ಸು ತಡವಾದರೆ ಅವಳ ಕಣ್ಣು ರಸ್ತೆಯ ಕಡೆಗೇ. 'ಛೀ... ನಾನ್ಯಾಕೆ ಇವನಿಗೆ ಕಾಯ್ಬೇಕು?'

ಫೆಬ್ರುವರಿಯ ಒಂದು ಮಧ್ಯಾಹ್ನ ಎಚ್ಚರಿಕೆಯ ಕಂಬದಲ್ಲಿ ಕೆಂಪು ದೀಪ ಹತ್ತಿತು. ಓರ್ರಿ ತನ್ನ ಪ್ರಯಾಣಿಕರನ್ನು ದಿಬ್ಬದ ಮೇಲೇ ನಿಲ್ಲಿಸಿದ.

"ಯಾರೂ ಕೆಳಗಿಳಿಯಬೇಡಿ. ಹತ್ತು ಅಲೆ ಅಲ್ಲೇ ನಿಲ್ಲುತ್ತೆ, ಹನ್ನೊಂದನೇದು ಇಲ್ಲೀವರೆಗೂ ಬರುತ್ತೆ. ಸಮುದ್ರಕ್ಕೆ ಬೆನ್ನಂತೂ ಹಾಕಲೇಬೇಡಿ!"

ಸ್ವಂತ ಕಾರಿನಲ್ಲಿ ಬಂದಿದ್ದ ಗಂಡ ಹೆಂಡತಿ ಆ ಮಾತು ಕೇಳಿಸಿಕೊಳ್ಳಲಿಲ್ಲ. ದಡದ ಕಂಬದಂಥ ಬಂಡೆಗಳ ಬುಡದಲ್ಲಿ ಹೆಂಡತಿ ಸಮುದ್ರಕ್ಕೆ ಬೆನ್ನು ಹಾಕಿ ನಗುತ್ತ ನಿಂತಳು. ಗಂಡ ಫೋಟೋ ತೆಗೆಯಲು ದಿಬ್ಬದ ಕಡೆಗೆ ಹಿಂದೆ ಹಿಂದೆ ಸರಿದ.

"ಮೇಲೆ ಬನ್ನಿ! ಹಿಂದೆ ನೋಡಿ, ಹಿಂದೆ!" ಸ್ವಾಲಾ ಅಂಗಡಿಯಿಂದ ಓಡಿದಳು.

ಅಲೆ ಸದ್ದಿಲ್ಲದೆ ಎದ್ದಿತು. ಇಳಿದಾಗ ಅಲ್ಲಿ ಆ ಹೆಂಗಸು ಇರಲಿಲ್ಲ...

ಗಂಡ ನೀರಿನ ಕಡೆ ನುಗ್ಗಿದ. ಸ್ವಾಲಾ ಹಿಂದಿನಿಂದ ಅವನನ್ನು ತಬ್ಬಿ ಹಿಡಿದಳು. ಅವನು ಗುದ್ದಿದ. ಅವಳ ಕೈ ಕಚ್ಚಿದ. ತನ್ನ ಭಾಷೆಯಲ್ಲಿ ಏನೋ ಬೈದ. ಮಾತು ಗೊತ್ತಿಲ್ಲದಿದ್ದರೂ ಅರ್ಥ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಬಿಡಲಿಲ್ಲ.

ಓರ್ರಿ ಹಗ್ಗ ಕಟ್ಟಿದ ಟ್ಯೂಬು ಎಸೆದ. ಮತ್ತೆ ಎಳೆದು ಮತ್ತೆ ಎಸೆದ. ಪ್ರತಿ ಸಲವೂ ಅದು ಖಾಲಿಯಾಗಿಯೇ ಬಂತು.

ಹೆಲಿಕಾಪ್ಟರಿನಲ್ಲಿ ಬಂದ ರಕ್ಷಣೆಯವರಿಗೆ ಸಿಕ್ಕಿದ್ದು ಆ ಹೆಂಗಸಿನ ಹೆಣ ಮಾತ್ರ.

ಸಂಜೆ ಖಾಲಿ ಬಸ್ಸಿನಲ್ಲಿ ಓರ್ರಿ ಅವಳ ಕೈಗೆ ಪಟ್ಟಿ ಕಟ್ಟುತ್ತಿದ್ದ.

"ಆ ಮನುಷ್ಯ ಸಾಯೋವರೆಗೂ ನನ್ನನ್ನ ದ್ವೇಷಿಸ್ತಾನೆ."

"ಹೌದು," ಎಂದ ಓರ್ರಿ. "ದ್ವೇಷಿಸೋಕಾದ್ರೂ ಬದುಕಿರ್ತಾನಲ್ಲ."

ಸ್ವಾಲಾ ಅವನ ಮುಖ ನೋಡಿದಳು. "ಅವತ್ತು ಚರ್ಚಲ್ಲಿ ನಾನು ಅಷ್ಟೆಲ್ಲ ಅಂದೆ... ನೀನ್ಯಾಕೆ ಬಾಯಿ ಬಿಡ್ಲಿಲ್ಲ?"

"ಸಿಟ್ಟು ಯಾರ ಮೇಲಾದ್ರೂ ತೀರಿಸ್ಕೋಬೇಕಿತ್ತಲ್ವಾ ನೀನು? ನನ್ನ ಮೇಲೆ ತೀರಿಸ್ಕೊಂಡೆ. ಇರ್ಲಿ ಅಂದ್ಕೊಂಡೆ."

"ಮತ್ತೆ ಊರಿಗೆ ಹೋಗಬಹುದಿತ್ತು. ಇಲ್ಲೇ ಯಾಕೆ ಉಳಿದೆ?"

ಅವನು ಪಟ್ಟಿಯ ತುದಿ ಸಿಕ್ಕಿಸಿದ.

"ದಿನಾ ಅಂಗಡಿ ಕಿಟಕಿಯಲ್ಲಿ ನಿನ್ನ ತಲೆ ಕಾಣೋದು. ನೀನು ಬೈಯೋಕೆ ರೆಡಿಯಾಗಿ ನಿಂತಿರ್ತಿದ್ದೆ. ಅದು ಕಾಣದ ಊರಲ್ಲಿ ನಾನೇನು ಮಾಡ್ಲಿ, ಸ್ವಾಲಾ? ನಿನ್ನ ಮೇಲೆ ಪ್ರಾಣ ಇಟ್ಕೊಂಡಿದ್ದೀನಿ."

ಅವಳು ಅತ್ತಳು. ಎರಡು ವರ್ಷದಲ್ಲಿ ಮೊದಲ ಸಲ, ಇನ್ನೊಬ್ಬರ ಭುಜದ ಮೇಲೆ.

"ಮನೆಗೆ ಬಾ. ಅಮ್ಮ ಕುರಿಮಾಂಸದ ಸೂಪು ಮಾಡಿರ್ತಾಳೆ."

"ನಿಮ್ಮಮ್ಮ ನನ್ನ ಮುಖ ನೋಡ್ತಾರಾ?"

"ಅವಳು ಎರಡು ವರ್ಷದಿಂದ ನಿನ್ನನ್ನ ಮನೆಗೆ ಕರಿ ಕರಿ ಅಂತಿದ್ದಾಳೆ. ಮಗಳನ್ನಾದ್ರೂ ಉಳಿಸಿಕೊಟ್ಟವನು ಅಂತಾಳೆ ನಿನ್ನ. ನಾನೇ... ಕರೀಲಿಲ್ಲ."

ಓರ್ರಿಯ ಕಣ್ಣು ತುಂಬಿ ಬಂತು. "ಈಗಲೇ ಹೋಗೋಣ್ವಾ?"

"ಈಗಲೇ. ಅಮ್ಮ ಕಾಯ್ತಿರ್ತಾಳೆ."